ಮನೆಯಲ್ಲಿದ್ದವನನ್ನು ಮನೆಗೆ ಕರೆತಂದದ್ದು

ಚಂದಯ್ಯ ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದವನು. 2004ರಲ್ಲಿ ಒಂದು ದಿನ ಬಲೆ ಎಳೆಯುವಾಗ ಹಗ್ಗ ತುಂಡಾಗಿ ತಲೆಗೆ ಬಡಿಯಿತು. ಬದುಕಿದ್ದೇ ದೊಡ್ಡದು ಎಂದರು ಎಲ್ಲರೂ. ಆಸ್ಪತ್ರೆ ಮುಗಿದ ಮೇಲೆ ಎರಡು ತಿಂಗಳು ಪುನರ್ವಸತಿ ಕೇಂದ್ರ. ಅಲ್ಲಿ ನಡೆಯಲು ಕಲಿತ, ಅಂಗಿಯ ಗುಂಡಿ ಹಾಕಲು ಕಲಿತ, ಮೀನಿನ ಚಿತ್ರ ತೋರಿಸಿದರೆ ಬಂಗುಡೆ ಯಾವುದು, ಬೂತಾಯಿ ಯಾವುದು ಎಂದು ತಪ್ಪಿಲ್ಲದೆ ಹೇಳಿದ. ಹದಿನಾರು ವರ್ಷ ಜೊತೆಗೆ ಬಾಳಿದ ಹೆಂಡತಿ ತುಂಗಾಳನ್ನು ಮಾತ್ರ 'ಅಕ್ಕ' ಎಂದು ಕರೆದ. ಮೀನಿಗಿರುವ ಮರ್ಯಾದೆ ತನಗಿಲ್ಲವಲ್ಲ ಎಂದು ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

ಮನೆಗೆ ಹೋದರೆ ಎಲ್ಲ ನೆನಪಾದೀತು ಎಂದು ತುಂಗಾ ನಂಬಿದ್ದಳು. ಅವನ ಊರು ಹಂಗಾರಕಟ್ಟೆಗೆ ವ್ಯಾನಿನಲ್ಲಿ ಮಲಗಿಸಿ ತಂದರು. ದಾರಿಯುದ್ದಕ್ಕೂ ಅವನಿಗೆ ನಿದ್ದೆ. ಎಚ್ಚರಾದವನು ತನ್ನದೇ ಮಂಚದ ಮೇಲೆ ಎದ್ದು ಕುಳಿತು, "ಅಕ್ಕ, ನಾ ಮನಿಗ್ ಹೋಯ್ಕ್" ಎಂದ.

"ಇದೇ ನಿಮ್ಮನಿ ಅಲ್ದಾ?"

"ಅಲ್ಲ. ಅಲ್ಲಿ ನನ್ ಹೆಂಡ್ತಿ ಕಾಯ್ತಾ ಇತ್ತ್."

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕುವವರ ಕಥೆ ಕೇಳಿದ್ದೇವೆ. ಕಂಕುಳಲ್ಲಿದ್ದ ಕೂಸೇ ತಾಯಿ ಎಲ್ಲಿ ಎಂದು ಹುಡುಕಿದರೆ ಯಾರಿಗೆ ಹೇಳುವುದು? ಹತ್ತು ದಿನ ಇದೇ ಮಾತು. ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ತುಂಗಾ ಮದುವೆಯ ಫೋಟೋ ತೋರಿಸಿದಳು. "ಇದ್ ನನ್ ಹೆಂಡ್ತಿಯೇ. ನಿಮ್ಗ್ ಹ್ಯಾಂಗ್ ಗೊತ್ತ್?" ಎಂದು ಕೇಳಿದ. ಪಕ್ಕದ ಮನೆಯ ಅಮ್ಮಣ್ಣಿ ಹರಕೆ ಹೇಳಿಕೋ ಅಂದಳು, ಡಾಕ್ಟರು ಕಾಯಬೇಕು ಅಂದರು. ತುಂಗಾಳಿಗೆ ಏನೂ ತೋಚಲಿಲ್ಲ. ತನ್ನ ಗಂಡ ನಿಜಕ್ಕೂ ಬಂದಿದ್ದಾನೋ ಇಲ್ಲವೋ ಎಂದು ಅವಳಿಗೇ ಅನುಮಾನವಾಗತೊಡಗಿತು.

ಹನ್ನೊಂದನೆಯ ಬೆಳಿಗ್ಗೆ ಒಂದು ಯೋಚನೆ ಹೊಳೆಯಿತು. ಚಂದಯ್ಯ ಯಾವಾಗಲೂ ಬ್ರಹ್ಮಾವರದಲ್ಲಿ ಬಸ್ಸು ಬದಲಿಸಿ ಊರಿಗೆ ಬರುತ್ತಿದ್ದವನು. ನಿದ್ದೆಯಲ್ಲಿ ಹೊತ್ತು ತಂದರೆ ತಾನು ಬಂದದ್ದು ಅವನಿಗೆ ಗೊತ್ತಾಗುವುದಾದರೂ ಹೇಗೆ? "ಬನಿ, ನಿಮ್ಮನ್ ಮನಿಗ್ ಬಿಟ್ ಬತ್ತೆ" ಎಂದು ಹೊರಡಿಸಿದಳು. ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಹೋಗಿ ಇಳಿದು, ಊರಿಗೆ ತಿರುಗಿ ಹೊರಟ ಅದೇ ಬಸ್ಸನ್ನು ಮತ್ತೆ ಹತ್ತಿದರು.

"ಎಂತ ತುಂಗಕ್ಕ, ಹೋದ್ ಬಸ್ಸಲ್ಲೇ ವಾಪಸಾ?" ಕಂಡಕ್ಟರ್ ಮಂಜಯ್ಯ ನಕ್ಕ.

"ನಿಂಗ್ ಟಿಕೆಟ್ ದುಡ್ಡ್ ಸಿಕ್ರೆ ಸಾಕಲ್ದಾ?" ಎಂದು ಅವನ ಬಾಯಿ ಮುಚ್ಚಿಸಿದಳು.

ಸ್ಟಾಪಿನಲ್ಲಿ ಇಳಿದದ್ದೇ ತಡ, ಚಂದಯ್ಯ ಮುಂದೆ ಮುಂದೆ ನಡೆದ. ಎಲ್ಲಿಯೂ ದಾರಿ ತಪ್ಪಲಿಲ್ಲ. ಸೀದಾ ತನ್ನ ಮನೆಯ ಜಗಲಿಯಲ್ಲಿ ಕುಳಿತು, "ಅಂತೂ ಮನಿಗ್ ಬಂದೆ" ಎಂದು ಉಸಿರುಬಿಟ್ಟ. ತುಂಗಾಳಿಗೆ ಕಣ್ಣು ತುಂಬಿ ಬಂತು. ಆಗ ಅವನು ಅವಳಿಗೆ ಕೈಮುಗಿದು ಹೇಳಿದ: "ಅಕ್ಕ, ನಿಮ್ಮಿಂದ ದೊಡ್ಡ ಉಪಕಾರ ಆಯ್ತ್. ಚಾ ಕುಡ್ಕಂಡ್ ಹೋಯ್ನಿ. ನನ್ ಹೆಂಡ್ತಿ ಈಗ್ ಬತ್ತ್."

ನಗಬೇಕೋ ಅಳಬೇಕೋ ತಿಳಿಯದೆ ತುಂಗಾ ಅಂಗಳದಲ್ಲೇ ನಿಂತಳು. ಕೊನೆಗೆ "ಹೊತ್ತಾಯ್ತ್, ನಾ ಬತ್ತೆ" ಎಂದು ಹೊರಟು, ಮನೆಯನ್ನು ಸುತ್ತಿ ಹಿಂಬಾಗಿಲಿನಿಂದ ಒಳಹೊಕ್ಕಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡುಗೆಮನೆಯಿಂದ ಜಗಲಿಗೆ ಬಂದಳು.

ಚಂದಯ್ಯ ತಲೆಯೆತ್ತಿ ನೋಡಿದ.

"ತುಂಗಾ, ಒಳ್ಗೇ ಇದ್ಯಾ? ಪಾಪ, ಆ ಅಕ್ಕ ಚಾ ಕುಡಿಯದೇ ಹೋದ್ರಲ್ದಾ!"