ಬಿಲ್ಲೆಯ ಸುತ್ತ ಖಾಲಿ ಜಾಗ

ಬಾಯಿ ತೆರೆದರೆ 'ತಾಳಿ, ತಾಳಿ' ಎನ್ನುತ್ತಿದ್ದುದರಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ತಾಳಮ್ಮ ಎಂದೇ ಹೆಸರು ಬಿದ್ದಿತ್ತು. ಕೆಲಸವೂ ತಾಳುವುದೇ. ಎದೆಯ ಸೋಂಕಿನವರ ಕಫದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಹರಡಿ, ಮೇಲೆ ಒಂದೊಂದು ಔಷಧಿ ಹೀರಿಸಿದ ಪುಟ್ಟ ಬಿಲ್ಲೆಗಳನ್ನಿಟ್ಟು, ಬೆಚ್ಚಗಿನ ಪೆಟ್ಟಿಗೆಯೊಳಗೆ ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ ಬಿಲ್ಲೆಯ ಸುತ್ತ ಜಾಗ ಖಾಲಿ ಇದ್ದರೆ ಆ ಔಷಧಿ ನಾಟುತ್ತದೆ. ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿಗೇ ಬಂದು ಕೂತಿದ್ದರೆ ಅದು ಆ ಔಷಧಿಗೆ ಜಗ್ಗುವುದಿಲ್ಲ. ಯಾವ ಔಷಧಿ ವರ್ಷದಿಂದ ವರ್ಷಕ್ಕೆ ಹೀಗೆ ಸೋಲುತ್ತಿದೆ ಎಂದು ಗಮನವಿಡುವವಳೂ ಅವಳೇ. ನಡುವೆ ಪೆಟ್ಟಿಗೆ ತೆರೆಯಲು ಹೋದವರಿಗೆ, "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಎಲ್ಲರೆದುರೇ ಮಂಗಳಾರತಿ ಆಗುತ್ತಿತ್ತು.

ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಾಗೆ ಈ ಸಲ ತಟ್ಟೆಗೆ ಬಂದದ್ದು ಅವಳ ಸ್ವಂತ ಅಕ್ಕನ ಕಫ. ಅಕ್ಕ ನ್ಯುಮೋನಿಯಾ ಆಗಿ ಮೇಲಿನ ವಾರ್ಡಿನಲ್ಲಿ ಮಲಗಿದ್ದಳು. ಕೆಮ್ಮು ಬಂದಾಗಲೆಲ್ಲ ಎರಡು ಮಾತ್ರೆ ನುಂಗಿ, ಉಳಿದದ್ದನ್ನು ಮುಂದಿನ ಸಲಕ್ಕೆಂದು ಡಬ್ಬಿಯಲ್ಲಿಡುವುದು ಅಕ್ಕನ ಹಳೇ ಚಾಳಿ. ಬೇಡವೆಂದು ಹೇಳಿ ಹೇಳಿ ತಾಳಮ್ಮನ ಬಾಯಿ ಒಣಗಿತ್ತು.

ಅಂದು ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೈ ತೊಳೆದಳು, ಮತ್ತೆ ತೊಳೆದಳು. ಕಾರಿಡಾರಿನ ತುದಿಗೆ ಹೋಗಿ ಬಂದಳು. ಸಂಜೆ ಎಲ್ಲರೂ ಹೋದ ಮೇಲೆ ಪೆಟ್ಟಿಗೆಯ ಬಾಗಿಲು ತೆರೆದೇಬಿಟ್ಟಳು. ಅಕ್ಕನಿಗೆ ಕೊಡುತ್ತಿದ್ದ ಔಷಧಿಯ ಬಿಲ್ಲೆಯ ಸುತ್ತ ಜಾಗ ಖಾಲಿ ಇತ್ತು. ಅವಳಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲೇ ವಾರ್ಡಿನ ಡಾಕ್ಟರ ಫೋನು ಬಂತು. "ನಿಮ್ಮಕ್ಕನ ಜ್ವರ ಇಳೀತಿಲ್ಲ. ಔಷಧಿ ಬದಲಾಯಿಸೋಣ ಅಂತಿದ್ದೀನಿ. ಏನಂತೀರಿ?"

"ಬೇಡ ಡಾಕ್ಟ್ರೇ, ಇದೇ ಹಿಡಿಯುತ್ತೆ. ತಟ್ಟೆ ನೋಡ್ದೆ."

ತಾಳಮ್ಮ ನೋಡಿದ್ದಾಳೆ ಎಂದ ಮೇಲೆ ಡಾಕ್ಟರು ಅದೇ ಔಷಧಿಯನ್ನು ಮುಂದುವರಿಸಿದರು.

ಬೆಳಗ್ಗೆ ತಟ್ಟೆ ತೆಗೆದಾಗ ಆ ಖಾಲಿ ಜಾಗ ಇರಲಿಲ್ಲ. ಬ್ಯಾಕ್ಟೀರಿಯಾ ಬಿಲ್ಲೆಗೆ ಅಂಟಿಕೊಂಡೇ ಬೆಳೆದಿತ್ತು. ಸಂಜೆ ಕಂಡದ್ದು ಔಷಧಿಯ ಗೆಲುವಲ್ಲ, ಇನ್ನೂ ಬೆಳೆಯದಿದ್ದ ಜಾಗ ಅಷ್ಟೇ. ಅದೇ ತಟ್ಟೆಯ ಇನ್ನೊಂದು ಬಿಲ್ಲೆಯ ಸುತ್ತ ಮಾತ್ರ ಖಾಲಿ ಉಳಿದಿತ್ತು. ಫೋನ್ ಮಾಡುವಷ್ಟೂ ತಡೆಯದೆ ಮೆಟ್ಟಿಲು ಹತ್ತಿ ಓಡಿದಳು.

"ತಪ್ಪಾಯ್ತು ಡಾಕ್ಟ್ರೇ, ಬೇಗ ತೆಗೆದು ನೋಡ್ಬಿಟ್ಟೆ. ಈಗಲೇ ಬದಲಾಯಿಸಿ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಾತ್ರಿ ಕಳೆಯುವಷ್ಟರಲ್ಲಿ ಅಕ್ಕನಿಗೆ ಆಕ್ಸಿಜನ್ ಹಾಕಬೇಕಾಗಿ ಬಂದಿತ್ತು. "ಇದೇ ಔಷಧಿ ಹಿಡಿಯುತ್ತೆ ಅಂತ ನೀನು ಹೇಳಿದ್ದನ್ನ ಡಾಕ್ಟ್ರಿಂದ ಕೇಳಿ ಧೈರ್ಯ ಬಂತು ಕಣೇ" ಎಂದು ಅಕ್ಕ ಮಾಸ್ಕಿನೊಳಗಿಂದಲೇ ಕೈ ಹಿಡಿದಳು. ತಾಳಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಹೊಸ ಔಷಧಿ ನಾಟಿತು. ಅಕ್ಕ ಮನೆಗೆ ಬಂದಳು. ತಾಳಮ್ಮ ನೋಡಲು ಹೋದಾಗ, ಅವಳು ಆ ಔಷಧಿಯ ಉಳಿದ ಮಾತ್ರೆಗಳನ್ನು ಡಬ್ಬಿಗೆ ಹಾಕುತ್ತಿದ್ದಳು.

"ಈಗ ಆರಾಮಾಗಿದ್ದೀನಲ್ಲೇ. ಮುಂದಿನ ಸಲಕ್ಕಿರಲಿ."

ಸಿಡುಕಲು ಬಾಯಿ ತೆರೆದ ತಾಳಮ್ಮ ಅಕ್ಕನ ಪಕ್ಕ ಕೂತಳು. ಆಮೇಲೆ, "ಅವತ್ತು ರಾತ್ರಿ ನಿಂಗೆ ಕೆಲಸಕ್ಕೆ ಬಾರದ ಔಷಧೀನ ಮುಂದುವರಿಸೋ ಹಾಗೆ ಮಾಡಿದ್ದು ನಾನೇ ಅಕ್ಕ. ಬೆಳಗಿನ ತನಕ ಕಾಯೋಕಾಗ್ಲಿಲ್ಲ, ಅರ್ಧಕ್ಕೇ ನೋಡ್ಬಿಟ್ಟೆ. ನೀನಾದ್ರೂ ಪೂರ್ತಿ ನುಂಗು" ಎಂದಳು.

ಅಕ್ಕ ಡಬ್ಬಿಯಿಂದ ಮಾತ್ರೆಗಳನ್ನು ಹೊರಗೆ ತೆಗೆದು, ಒಂದನ್ನು ಕೈಗೆತ್ತಿಕೊಂಡು, "ನೀರು ಕೊಡು" ಎಂದಳು.