ಸಪೂರ ಆಗಿದ್ದೀ ಮಗಾ

ನಿಹಾಲ್, ಅನ್ವಿತಾ,

ಮೊನ್ನೆ ಸಂಜೆ ನಿಮ್ಮ ಅತ್ತೆ ಪಿಜ್ಜಾ ತರಿಸಿದಳು. ಉಡುಪಿಯಲ್ಲೂ ಈಗ ಫೋನಿನ ಮೇಲೆ ಬೆರಳು ಒತ್ತಿದರೆ ಊಟ ಬಾಗಿಲಿಗೆ ಬರುತ್ತದೆ. ಬೆಲ್ ಆದ ಕೂಡಲೇ ನಾನು ಎಂದಿನಂತೆ ಅಡುಗೆಮನೆಗೆ ಓಡಿ ಬಾಗಿಲ ಸಂದಿಯಲ್ಲಿ ನಿಂತೆ. ಇಷ್ಟು ವಯಸ್ಸಾದರೂ ಹೊರಗಿನವರು ಬಂದರೆ ನನ್ನ ಕಾಲು ನನ್ನನ್ನು ಕೇಳದೆ ಒಳಗೆ ಹೋಗುತ್ತದೆ. ಅವಳು ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟಾಗ ಬಿಸಿ ರಟ್ಟಿನ ವಾಸನೆ ಬಂತು. ಒಳಗಿದ್ದದ್ದರ ವಾಸನೆಯಲ್ಲ, ರಟ್ಟಿನದ್ದೇ. ಒದ್ದೆ ಬಟ್ಟೆಗೆ ಇಸ್ತ್ರಿ ಇಟ್ಟ ಹಾಗೆ. ಆ ವಾಸನೆ ನನ್ನನ್ನು ವೀಸಾ, ಟಿಕೆಟು ಯಾವುದೂ ಇಲ್ಲದೆ, ಇಂಥದ್ದೇ ಪೆಟ್ಟಿಗೆಗಳು ಬಾಗಿಲಿಗೆ ಬರುತ್ತಿದ್ದ ಅಬುಧಾಬಿಯ ನಿಮ್ಮ ಮನೆಗೆ ಕರೆದುಕೊಂಡು ಹೋಯಿತು.

ಬರೆಯುವ ಮೊದಲು ಒಂದು ಮಾತು. ನಾವು ಮನೆಯಲ್ಲಿ ಆಡುವುದು ತುಳು. ಆದರೆ ಊರಿನ ಶಾಲೆಯಲ್ಲಿ ನನಗೆ ಬರೆಯಲು ಕಲಿಸಿದ್ದು ಕನ್ನಡ. ಹಾಗಾಗಿ ಇಲ್ಲಿ ಎಲ್ಲರೂ ಕನ್ನಡದಲ್ಲಿ ಮಾತಾಡುತ್ತಾರೆ. ನಿಮ್ಮ ಇಂಗ್ಲಿಷನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ, ಅದಕ್ಕೆ ಕನ್ನಡ ಏನೆಂದು ನನಗೆ ಗೊತ್ತಿಲ್ಲ.

ನಿಹಾಲ್, ಇದು ಹೆಚ್ಚಾಗಿ ನಿನ್ನ ಕಥೆ. ಅನ್ವಿತಾ, ನೀನು ಆಗ ಎಲ್‌ಕೇಜಿಯ ಮಗು, ಈ ಕಥೆಯಲ್ಲಿ ನಿನ್ನ ಕೆಲಸ ಬರೀ ನಗುವುದು. ಅದನ್ನು ನೀನು ಚೆನ್ನಾಗಿಯೇ ಮಾಡಿದೆ.

ನಿಮ್ಮ ಅಜ್ಜ ತೀರಿಹೋಗಿ ವರ್ಷದ ಕಾರ್ಯ ಮುಗಿದ ಮೇಲೆ ನಿಮ್ಮ ಅಪ್ಪ ನನ್ನನ್ನು ಅಲ್ಲಿಗೆ ಕರೆಸಿಕೊಂಡ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಆ ಮನೆಯ ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದವನು ನೀನು. ಹದಿನಾಲ್ಕು ವರ್ಷ, ನಿನ್ನ ಅಪ್ಪನ ಅಂಗಿ ಹಾಕಿಕೊಂಡಿದ್ದೆ, ಅದೂ ಗುಂಡಿಗಳ ನಡುವೆ ಬಾಯಿ ತೆರೆದಿತ್ತು. ನಾನು ನಿನ್ನ ಗಲ್ಲ ಹಿಡಿದು ಹೇಳಿದೆ, "ಎಂತ ಮಗಾ, ಇಷ್ಟು ಸಪೂರ ಆಗಿದ್ದೀ?"

ನಿನ್ನ ಅಪ್ಪ ಸೂಟ್‌ಕೇಸ್ ಕೆಳಗಿಟ್ಟು ನನ್ನ ಮುಖ ನೋಡಿದ. ನನ್ನ ಕನ್ನಡಕದ ನಂಬರು ತಪ್ಪಿದೆ ಎಂದುಕೊಂಡನೋ ಏನೋ.

ಕನ್ನಡಕ ಸರಿಯಾಗಿಯೇ ಇತ್ತು. ನಮ್ಮ ಕಡೆಯಲ್ಲಿ ಬಹಳ ದಿನಕ್ಕೆ ಕಂಡ ಮಗುವಿಗೆ ಸಪೂರ ಆಗಿದ್ದೀ ಎನ್ನಲೇಬೇಕು. ದಪ್ಪ ಆಗಿದ್ದೀ ಎಂದರೆ ದೃಷ್ಟಿಯಾಗುತ್ತದೆ. ಹಾಗಾಗಿ ಮುಂಬೈಯಿಂದ ಬಂದ ದಡೂತಿ ಭಾವನಿಗೂ, ಬಾಣಂತನ ಮುಗಿಸಿ ತುಂಬಿಕೊಂಡ ಮಗಳಿಗೂ ಅದೇ ಮಾತು. ಸಪೂರ ಅಂದರೆ ತೆಳ್ಳಗೆ ಎಂದು ಶಬ್ದಕೋಶದಲ್ಲಿ ಇರಬಹುದು. ನಮ್ಮ ಬಾಯಲ್ಲಿ ಅದರ ಅರ್ಥ, ನಿನ್ನನ್ನು ನೋಡದೆ ತುಂಬ ದಿನವಾಗಿತ್ತು, ಬಾ, ಕೂತುಕೋ, ಬಡಿಸುತ್ತೇನೆ.

ಆದರೆ ನೀನು ಗಲ್ಫಿನಲ್ಲಿ ಹುಟ್ಟಿದವನು. ಮಾತನ್ನು ಅಕ್ಷರಕ್ಕೆ ಅಕ್ಷರ ಹಿಡಿದೆ. ನಿನ್ನ ಅಮ್ಮ ರಾತ್ರಿ ಊಟಕ್ಕೆ ನಿನ್ನ ತಟ್ಟೆಯಿಂದ ಒಂದು ಚಪಾತಿ ತೆಗೆದರೆ, "ಮಮ್ಮಾ, ಅಜ್ಜಿ ಸೆಡ್ ಐ ಲಾಸ್ಟ್ ವೆಯ್ಟ್!" ಎಂದು ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದೆ. ಕೋರ್ಟಿನಲ್ಲಿ ಸಾಕ್ಷಿ ತೋರಿಸಿದ ಹಾಗೆ ನನ್ನ ಕಡೆ ಬೆರಳು ತೋರಿಸುತ್ತಿದ್ದೆ. ಸೊಸೆ ನನ್ನನ್ನು ನೋಡುವಳು, ನಾನು ಉಪ್ಪಿನಕಾಯಿಯ ಭರಣಿ ನೋಡುವೆ.

ನಿಮ್ಮ ಅಲ್ಲಿನ ದಿನಚರಿ ನೋಡಿ ನನಗೆ ಮೊದಮೊದಲು ಬೆರಗು. ನಿಮ್ಮ ಅಪ್ಪನಿಗೆ ದುಬೈಯ ಜುಮೇರಾ ಲೇಕ್ ಟವರ್ಸಿನಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಕಾರು ಹತ್ತಿದರೆ ಬರುವುದು ಅನ್ವಿತಾ ಮಲಗಿದ ಮೇಲೆ. ಅಮ್ಮ ಸುಮನಾಳದ್ದು ಬ್ಯಾಂಕಿನ ಕೆಲಸ, ಅವಳೂ ಸಂಜೆಯ ಮೇಲೆಯೇ. ನೀನು ಬಾಗಿಲಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಶಾಲೆಯ ಬಸ್ಸಿಗೆ, ಬಸ್ಸಿನಿಂದ ಕ್ಲಾಸಿಗೆ. ಎಲ್ಲವೂ ತಣ್ಣಗೆ, ಎಲ್ಲ ಕಡೆಯೂ ಕುರ್ಚಿ. ಮಧ್ಯಾಹ್ನ ಬಂದವನೇ ಸೋಫಾದಲ್ಲಿ ಒಂದು ಗುಳಿ ಮಾಡಿಕೊಂಡು ಕೂರುತ್ತಿದ್ದೆ. ಆ ಗುಳಿ ನಿನ್ನದೇ ಎಂದು ಎಲ್ಲರಿಗೂ ಗೊತ್ತಿತ್ತು. ಬೇರೆ ಯಾರಾದರೂ ಕೂತರೆ ಒಳಗೆ ಜಾರಿಹೋಗುತ್ತಿದ್ದರು.

"ಹೊರಗೆ ಹೋಗಿ ಸ್ವಲ್ಪ ಆಡಿ ಬಾ ಮಗಾ," ಎಂದರೆ, "ಅಜ್ಜಿ, ಇಟ್ಸ್ ಫಾರ್ಟಿ ಫೈವ್ ಡಿಗ್ರೀಸ್! ಐ ವಿಲ್ ಬಿಕಮ್ ಪಪ್ಪಡ್," ಎನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ. ಕಿಟಕಿಯ ಗಾಜು ಮುಟ್ಟಿದರೆ ಕೈ ಸುಡುತ್ತಿತ್ತು.

ಕಟ್ಟಡದ ಕೆಳಗೆ ಒಂದು ಬಕಾಲ ಇತ್ತಲ್ಲ, ದಿನಸಿ ಅಂಗಡಿ, ನಮ್ಮ ಬಂಟ್ವಾಳ ಕಡೆಯ ಹಮೀದ್ ನಡೆಸುತ್ತಿದ್ದದ್ದು. ಒಂದು ಬಾಟಲಿ ಮಾವಿನ ಜ್ಯೂಸು ಬೇಕಾದರೂ ನೀನು ಫೋನ್ ಮಾಡುವೆ, ಅವನು ಲಿಫ್ಟಿನಲ್ಲಿ ತಂದು ಕೊಡುವನು. ಒಮ್ಮೆ ಬಾಗಿಲ ಸಂದಿಯಲ್ಲಿ ನಿಂತ ನನ್ನನ್ನು ನೋಡಿ ತುಳುವಿನಲ್ಲಿ ಕೂಗಿ ಹೇಳಿದ, "ಅಮ್ಮಾ, ಅಡಗಬೇಡಿ, ನಾನು ಊರವನೇ! ನಿಮ್ಮ ಪುಳ್ಳಿ, ಈ ಮೊಮ್ಮಗ, ಫೋನ್ ಮಾಡ್ಲಿಕ್ಕೆ ಮೊದಲೇ ನಾನು ಲಿಫ್ಟಿನ ಹತ್ರ ನಿಂತಿರ್ತೇನೆ. ಅವ ಬೆಳೆದು ದೊಡ್ಡವ ಆಗುವಾಗ ನಂಗೆ ಊರಲ್ಲಿ ಒಂದು ಮನೆ ಆಗ್ತದೆ."

"ಹಮೀದ್ ಭಾಯ್, ಖಲಾಸ್!" ಎಂದು ನೀನು ಬಾಗಿಲು ಹಾಕಿದೆ. ಆದರೆ ಜ್ಯೂಸು ಒಳಗೆ ಬಂದಿತ್ತು.

ಶುಕ್ರವಾರ ಎಲ್ಲರಿಗೂ ರಜೆ. ಅಂದು ನಾನು ನಿನಗೆ ಎಣ್ಣೆ ಸ್ನಾನ ಮಾಡಿಸುತ್ತಿದ್ದೆ. ನೀನು ನಾಚಿಕೊಂಡು ಚಡ್ಡಿ ಹಾಕಿಕೊಂಡೇ ಕೂರುತ್ತಿದ್ದೆ. ನಿನ್ನ ಕತ್ತಿನ ಹಿಂದೆ ಒಂದು ಕಪ್ಪು ಪಟ್ಟಿ ಇತ್ತು, ಬೆಲ್ಲದ ಪಾಕ ಒಣಗಿದ ಹಾಗೆ. ಅಬುಧಾಬಿಯ ಧೂಳು ಎಂದುಕೊಂಡು ಕಡಲೆಹಿಟ್ಟು ಹಾಕಿ ತಿಕ್ಕಿದೆ. ಹೋಗಲಿಲ್ಲ. ಮುಂದಿನ ವಾರ ಹೆಸರಿನ ಹಿಟ್ಟು, ಅದರ ಮುಂದಿನ ವಾರ ಊರಿನಿಂದ ತಂದ ನಾರು.

"ಅಜ್ಜಿ, ಸ್ಟಾಪ್! ಐ ಆಮ್ ನಾಟ್ ಅ ಕಡಾಯಿ!"

ನಿನ್ನ ಬೊಬ್ಬೆ ಕೇಳಿ ಸುಮನಾ ಬಂದು ಕತ್ತು ನೋಡಿದಳು. "ಮಾಮಿ, ಇದು ಮಣ್ಣಲ್ಲ ಅಂತ ಕಾಣ್ತದೆ," ಎಂದಳು. ಅವಳ ಸ್ವರ ಸಣ್ಣದಾಗಿತ್ತು. ಮರುದಿನವೇ ನಿನ್ನನ್ನು ಬನಿಯಾಸಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ನಾನು ಬರುವುದಿಲ್ಲ ಎಂದೆ. ನೀನೇ ನನ್ನ ಕೈ ಎಳೆದುಕೊಂಡು ಹೋದೆ, ಸಾಕ್ಷಿ ಬೇಕಲ್ಲ.

ಡಾಕ್ಟರಮ್ಮ ಕಾಸರಗೋಡಿನವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ರಕ್ತ ತೆಗೆಸಿದರು, ತೂಕ ನೋಡಿದರು. ರಕ್ತದ ರಿಪೋರ್ಟು ಬಂದ ದಿನ ಪುನಃ ಎಲ್ಲರೂ ಹೋಗಿ ಕೂತಾಗ ಅವರು ತೂಕದ ವಿಷಯ ತೆಗೆದರು. ನೀನು ತಡೆದೆ. "ಡಾಕ್ಟರ್, ಬಟ್ ಅಜ್ಜಿ ಸೇಸ್ ಐ ಹ್ಯಾವ್ ಬಿಕಮ್ ಸಪೂರ."

ಎಲ್ಲರೂ ನನ್ನ ಕಡೆ ತಿರುಗಿದರು. ಆ ತಣ್ಣಗಿನ ಕೋಣೆಯಲ್ಲಿ ನನಗೆ ಬೆವರು ಬಂತು.

"ಹೌದಾ ಅಮ್ಮ? ಹೇಳಿದ್ರಾ?"

"ನಾನು ಎಲ್ಲರಿಗೂ ಹಾಗೇ ಹೇಳುವುದು," ಎಂದೆ, ಸೆರಗಿನ ಹಿಂದಿನಿಂದ.

ಡಾಕ್ಟರಮ್ಮ ನಕ್ಕುಬಿಟ್ಟರು. "ನನ್ನ ಅಮ್ಮನೂ ಹಾಗೆಯೇ. ಊರಿಗೆ ಹೋದ ಕೂಡ್ಲೇ ಅಯ್ಯೋ ಮೋಳೇ, ಮಗಳೇ, ಸೊರಗಿ ಹೋದೆಯಲ್ಲ ಅಂತಾರೆ. ನನ್ನನ್ನು ನೋಡಿ, ನಾನು ಸೊರಗಿದ ಹಾಗೆ ಉಂಟಾ?"

ಅವರು ಕುರ್ಚಿ ತುಂಬ ಇದ್ದರು. ನಾನು ನೆಲ ನೋಡಿದೆ. ನೀನು ಮಾತ್ರ ಪ್ರಾಮಾಣಿಕವಾಗಿ, "ನೋ," ಎಂದೆ. ಅನ್ವಿತಾ ತನ್ನ ಕೆಲಸ ಮಾಡಿದಳು, ನಕ್ಕಳು.

ಆಮೇಲೆ ಅವರು ನಗಲಿಲ್ಲ. ಕತ್ತಿನ ಕಪ್ಪು ಕೊಳೆಯಲ್ಲ, ಒಳಗೆ ಸಕ್ಕರೆಯ ಲೆಕ್ಕ ತಪ್ಪುತ್ತಿರುವುದಕ್ಕೆ ಚರ್ಮ ಕೊಡುವ ಸೂಚನೆ ಎಂದರು. "ಶುಗರ್ ಬಾರ್ಡರಿನಲ್ಲಿ ಉಂಟು," ಎಂದರು. ನನಗೆ ಬಾರ್ಡರ್ ಎಂದರೆ ಗೊತ್ತಿದ್ದದ್ದು ಒಂದೇ. ವಿಸಿಟ್ ವೀಸಾ ಮುಗಿದವರು ಒಮಾನಿನ ಬಾರ್ಡರಿಗೆ ಹೋಗಿ ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದರಲ್ಲ, ಅದು. "ಮಗುವಿಗೆ ವೀಸಾ ಇಲ್ವಾ?" ಎಂದು ನಿಮ್ಮ ಅಪ್ಪನ ಕಿವಿಯಲ್ಲಿ ಕೇಳಿದೆ.

"ಅಮ್ಮಾ, ಇದು ಬೇರೆ ಬಾರ್ಡರ್. ಆಚೆ ಹೋದ್ರೆ ಅಪ್ಪನಿಗೆ ಇದ್ದ ಕಾಯಿಲೆ."

ನಿಮ್ಮ ಅಜ್ಜನನ್ನು ನೀವು ಫೋಟೋದಲ್ಲಿ ನೋಡಿದ್ದೇ ಹೆಚ್ಚು. ಆ ಫೋಟೋದಲ್ಲಿ ಕಾಲು ಕಾಣುವುದಿಲ್ಲ. ಮೊದಲು ಒಂದು ಬೆರಳು ಹೋಯಿತು, ಆಮೇಲೆ ಪಾದ. ಕಣ್ಣು ಮಂಜಾದ ಮೇಲೆ ನನ್ನ ಹೆಜ್ಜೆಯ ಸದ್ದಿನಿಂದಲೇ ನನ್ನನ್ನು ಗುರುತಿಸುತ್ತಿದ್ದರು. ದಿನವೂ ಆ ಗಾಯ ತೊಳೆದು ಬಟ್ಟೆ ಕಟ್ಟಿದ್ದು ನಾನು. ಅವರ ಪಾದವೇ ನಿನಗೂ ಬಂದದ್ದು ನಿಹಾಲ್, ಅಗಲ, ಹೆಬ್ಬೆರಳು ಸ್ವಲ್ಪ ಒಳಕ್ಕೆ ಬಾಗಿದ್ದು. ಕ್ಲಿನಿಕ್ಕಿನಲ್ಲಿ ನಾನು ಚಪ್ಪಲಿಯೊಳಗಿನ ಆ ಪಾದವನ್ನೇ ನೋಡುತ್ತ ಕೂತೆ.

ಬೈದು ಸರಿಮಾಡುವ ವಿಷಯ ಇದಲ್ಲ ಎಂದರು ಡಾಕ್ಟರಮ್ಮ. ಹಸಿವಿನಲ್ಲಿ ಇಡಬೇಡಿ, ಅವನಿಗೊಂದು ಮನೆಯವರಿಗೊಂದು ಅಡುಗೆ ಮಾಡಬೇಡಿ, ಜ್ಯೂಸು ಎಲ್ಲರೂ ಬಿಡಿ, ಟಿವಿಯ ಎದುರು ಯಾರೂ ಉಣ್ಣಬೇಡಿ, ಬೇಗ ಮಲಗಿ, ದಿನಾ ನಡೆಯಲಿ. ಎಲ್ಲ ಸರಿ, ಆದರೆ ಯಾರ ಜತೆ ನಡೆಯುವುದು? ವಾಪಸು ಬರುವಾಗ ಕಾರಿನಲ್ಲಿ ನೀನು ಒಂದು ಉಪಾಯ ಮಾಡಿದೆ. "ಅಜ್ಜಿ ಬಂದ್ರೆ ನಾನು ನಡೀತೇನೆ. ಅದರ್‌ವೈಸ್ ನೋ."

ಮನೆಯಿಂದ ಹೊರಗೆ ಕಾಲಿಡದ ಅಜ್ಜಿ, ಲಿಫ್ಟಿನಲ್ಲಿ ಪರರು ಬಂದರೆ ಗೋಡೆಗೆ ಮುಖ ಮಾಡಿ ನಿಲ್ಲುವ ಅಜ್ಜಿ. ಅವಳು ಬರುವುದಿಲ್ಲ, ಹಾಗಾಗಿ ತಾನೂ ಸೋಫಾ ಬಿಡಬೇಕಿಲ್ಲ. ನಿನ್ನ ಬುದ್ಧಿವಂತಿಕೆ ಅಜ್ಜನದ್ದೇ. ಮುಂದಿನ ಸೀಟಿನಿಂದ ಸುಮನಾ ತಿರುಗಿ ನೋಡಿದಳು. "ಬರ್ತೇನೆ," ಎಂದೆ. ಹೇಳಿದ್ದು ನಾನೇ ಎಂದು ನಂಬಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಸಂಜೆ ಸೀರೆಯ ಕೆಳಗೆ ಸುಮನಾಳ ಬಿಳಿ ಶೂ ಹಾಕಿಕೊಂಡು ಇಳಿದೆ. ಆಗ ಚಳಿಗಾಲ ಶುರುವಾಗಿತ್ತು, ಗಾಳಿ ಚೆನ್ನಾಗಿತ್ತು. ಹಮೀದ್ ಅಂಗಡಿಯಿಂದ ಹೊರಗೆ ಬಂದು ಎರಡೂ ಕೈ ಎತ್ತಿದ. "ಅಮ್ಮಾ! ನೀವು ಹೊರಗೆ! ಊರಿಗೆ ಫೋನ್ ಮಾಡಿ ಹೇಳ್ಲಾ?" ನಾನು ನಾಚಿ ಬೇಗ ಬೇಗ ನಡೆದೆ. ನೀನು ಹಿಂದಿನಿಂದ, "ಅಜ್ಜಿ, ಸ್ಲೋ! ವೆಯ್ಟ್ ಫಾರ್ ಮಿ!" ಎನ್ನುತ್ತ ಓಡಿಬಂದೆ. ಡಾಕ್ಟರು ಹೇಳಿದ ವ್ಯಾಯಾಮ ನನ್ನ ನಾಚಿಕೆಯಿಂದಲೇ ಶುರುವಾಯಿತು.

ಬೇಸಿಗೆ ಬಂದಾಗ ಮಾಲ್‌ಗೆ ಹೋಗಿ ನಡೆದೆವು. ಅಲ್ಲಿ ತಾನಾಗಿ ಹತ್ತುವ ಮೆಟ್ಟಿಲು ಇತ್ತು. ಅದರ ಮೇಲೆ ಕಾಲಿಟ್ಟರೆ ನನ್ನ ಸೀರೆಯನ್ನು ಅದು ನುಂಗುತ್ತದೆ ಎಂದು ನನಗೆ ಖಂಡಿತ ಗೊತ್ತಿತ್ತು. "ಯಲ್ಲಾ ಅಜ್ಜಿ, ಬನ್ನಿ ಬನ್ನಿ, ನಥಿಂಗ್ ವಿಲ್ ಹ್ಯಾಪನ್," ಎಂದು ನೀನು ಎಷ್ಟು ಹೇಳಿದರೂ ನಾನು ಮೂಲೆಯ ಕಲ್ಲಿನ ಮೆಟ್ಟಿಲನ್ನೇ ಹಿಡಿದೆ. ಅಜ್ಜಿಯನ್ನು ಒಬ್ಬಳೇ ಬಿಡಬಾರದೆಂದು ಅಪ್ಪ ಹೇಳಿದ್ದ. ಪಾಪ, ನೀನೂ ಹತ್ತಿದೆ, ಪ್ರತೀ ಮಾಳಿಗೆಯಲ್ಲೂ ನನ್ನನ್ನು ಶಪಿಸುತ್ತ. ನನ್ನ ಹೆದರಿಕೆಯಿಂದ ನಿನ್ನ ತೊಡೆ ಗಟ್ಟಿಯಾಯಿತು.

ನಡೆಯುವಾಗ ನೀನು ಮಾತಾಡುತ್ತಿದ್ದೆ. ಮುಖ ನೋಡಿಕೊಂಡು ಕೂತಾಗ ಹೇಳದ್ದನ್ನು ಪಕ್ಕಪಕ್ಕದಲ್ಲಿ ನಡೆಯುವಾಗ ಹೇಳಿದೆ. ಶಾಲೆಯಲ್ಲಿ ನಿನ್ನನ್ನು ಟ್ಯಾಂಕರ್ ಎಂದು ಕರೆಯುತ್ತಾರೆ. ಆಟದ ಪೀರಿಯಡ್ಡಿನಲ್ಲಿ ಹೊಟ್ಟೆನೋವು ಎನ್ನುತ್ತೀ. "ಅಜ್ಜಿ, ನೀವು ಬರುವ ಮೊದಲು ಮನೆಗೆ ಬಂದ್ರೆ ಯಾರೂ ಇರ್ಲಿಲ್ಲ. ಟಿವಿ ಹಾಕಿ ಚಿಪ್ಸ್ ಒಡೆದ್ರೆ ಸ್ವಲ್ಪ ಸೌಂಡ್ ಇರ್ತಿತ್ತು." ಡಾಕ್ಟರಮ್ಮ ಹೇಳಿದ ಕಾರಣಗಳೆಲ್ಲ ನಿಜ. ಆದರೆ ಇದನ್ನು ಅವರು ಕೇಳಿರಲಿಲ್ಲ, ನೀನೂ ಹೇಳಿರಲಿಲ್ಲ.

ನಾನು ಧೈರ್ಯ ಮಾಡಿ ಕೇಳಿದೆ, "ಸಪೂರ ಅಂದದ್ದು ನಿನಗೆ ಬೇಸರ ಆಗಿತ್ತಾ ಮಗಾ?"

ನೀನು ಮೆಟ್ಟಿಲಲ್ಲಿ ನಿಂತೆ. "ಅಜ್ಜಿ, ಮನೆಯಲ್ಲಿ ಕನ್ನಡಿ ಉಂಟಲ್ಲ. ಐ ಆಲ್ವೇಸ್ ನ್ಯೂ. ಆದ್ರೆ ಎಲ್ಲರೂ ಬೇರೆ ಬೇರೆ ಹೆಸರು ಹೇಳಿ ನಗ್ತಿದ್ರು. ನೀವು ಒಬ್ರೇ ಹಾಗೆ ಹೇಳಿದ್ದು. ಅದಕ್ಕೆ ಆ ಮಾತು ಇಟ್ಕೊಂಡೆ."

ನಾನು ಸೆರಗಿನಿಂದ ನಿನ್ನ ಕುತ್ತಿಗೆಯ ಬೆವರು ಒರೆಸಿದೆ. ತಿಕ್ಕಲಿಲ್ಲ.

ಮುಂದಿನ ರಿಪೋರ್ಟಿನಲ್ಲಿ ಸಕ್ಕರೆ ಬಾರ್ಡರಿನ ಈಚೆಗೆ ಬಂತು. ನೀನು ಕಡ್ಡಿಯಂತೆ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಎತ್ತರವಾದೆ, ಅಪ್ಪನ ಅಂಗಿಯ ಗುಂಡಿ ಕೂಡಿತು. ಹಮೀದನ ಮನೆ ಮಾತ್ರ ಸ್ವಲ್ಪ ತಡವಾಯಿತು.

ಈಗ ನೀನೇ ದುಬೈಯಲ್ಲಿ ಕೆಲಸಕ್ಕೆ ಹೋಗುವವನು. ದಿನವಿಡೀ ಕಂಪ್ಯೂಟರಿನ ಎದುರು ಕೂರುತ್ತೀ. ಪಿಜ್ಜಾ ಬಂದ ಆ ದಿನವೇ ನಿನ್ನ ಫೋನೂ ಬಂತು. "ಅಜ್ಜಿ, ಬಾರ್ಡರಿಗೆ ಪುನಃ ಬಂದಿದ್ದೇನೆ." ನೀನು ನಕ್ಕೆ, ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನನ್ನ ತಟ್ಟೆಯಲ್ಲಿದ್ದ ಪಿಜ್ಜಾ ಹಾಗೇ ಉಳಿಯಿತು. ಅಂದಿನಂತೆ ಬಂದು ನಿನ್ನ ಜತೆ ಮೆಟ್ಟಿಲು ಹತ್ತಲು ನನ್ನ ಮಂಡಿ ಈಗ ಒಪ್ಪುವುದಿಲ್ಲ. ಅದಕ್ಕೇ ಮರುದಿನ ಬೆಳಿಗ್ಗೆ ಪೆನ್ನು ಹಿಡಿದೆ. ದಿನಕ್ಕೆ ಸ್ವಲ್ಪ ಸ್ವಲ್ಪ ಬರೆದು ಇಲ್ಲಿಗೆ ಬರಲು ಎರಡು ವಾರ ಹಿಡಿಯಿತು. ಈಗ ಸಂಜೆ ನೀನು ಆಫೀಸು ಬಿಟ್ಟು ಅದರ ಎದುರಿನ ಕೆರೆಯ ಸುತ್ತ ನಡೆಯುವಾಗ ನನಗೆ ಫೋನ್ ಮಾಡುತ್ತೀ, ನಾನು ಇಲ್ಲಿ ಕಾರಿಡಾರಿನಲ್ಲಿ ಗೋಡೆ ಹಿಡಿದುಕೊಂಡು ನಡೆಯುತ್ತೇನೆ. ಪಕ್ಕದ ಮನೆಯವರು ಎದುರಾದರೆ ಒಳಗೆ ಓಡುವುದಿಲ್ಲ. ಮೊಮ್ಮಗನ ಜತೆ ವಾಕಿಂಗಿನಲ್ಲಿದ್ದೇನೆ ಎನ್ನುತ್ತೇನೆ. ಅವರು ನನ್ನ ಹಿಂದೆ ಮುಂದೆ ನೋಡುತ್ತಾರೆ.

ಅನ್ವಿತಾ, ನೀನು ಈಗ ಅಣ್ಣನ ಆಗಿನ ವಯಸ್ಸಿಗೆ ಬಂದಿದ್ದೀ. ಅಜ್ಜನ ಪಾದ ನಿನಗೂ ಬಂದಿದೆ, ಗಮನಿಸಿದ್ದೀಯಾ? ಇವತ್ತೇ ಚಪ್ಪಲಿ ಬಿಚ್ಚಿ ನೋಡು. ಹೆದರಬೇಡ, ನೋಡು ಅಷ್ಟೇ.

ಇಬ್ಬರಿಗೂ ಕನ್ನಡ ಓದಲು ಕಷ್ಟ ಎಂದು ಗೊತ್ತು. ಅಮ್ಮನ ಹತ್ತಿರ ಓದಿಸಿಕೊಳ್ಳಿ. ಆಮೇಲೆ ಈ ಹಾಳೆಗಳನ್ನು ಎಸೆಯಬೇಡಿ, ಮಡಚಿ ಜೋಪಾನವಾಗಿ ಇಟ್ಟುಕೊಳ್ಳಿ. ನಾಳೆ ನಿಮ್ಮ ಮಕ್ಕಳಿಗೂ ಬೇಕಾಗಬಹುದು. ಅವರಿಗೆ ಇದನ್ನು ಹೇಳುವಾಗ ಎದುರು ಕೂರಿಸಿಕೊಂಡು ಹೇಳಬೇಡಿ ಮಕ್ಕಳೇ. ಹೊರಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ನಡೆಯುತ್ತ ಹೇಳಿ.