ಟ್ರಂಕ್ ಕಾಲಿನಲ್ಲಿ ಹೇಳಿದ ಹೆಸರು

ಇಳಕಲ್ಲಿನ ನೂಲಿನ ಅಂಗಡಿಯೊಂದರಲ್ಲಿ ಫೋನು ಹಿಡಿದು ನನ್ನ ಅಕ್ಕನ ಗಂಡನ ಹೆಸರನ್ನು ಹೇಳಿದವರು ಯಾರು, ನಾನೋ ಅಕ್ಕನೋ? ಇವತ್ತಿಗೂ ನನಗೆ ಖಚಿತವಿಲ್ಲ. ಬೇರೆಯವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ಅಕ್ಕನಿಗೆ ಮಾತ್ರ ಬಹಳ ವರ್ಷ ಇದರ ಹೊರತು ಬೇರೆ ಪ್ರಶ್ನೆ ಇರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಕ ಬಾಗಲಕೋಟೆಯಲ್ಲಿ ನೇಕಾರರ ಸಂಘವೊಂದರ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಯಾವ ಊರಿನ ಯಾವ ನೇಕಾರನಿಗೆ ಎಷ್ಟು ನೂಲು ಎಂದು ಚೀಟಿ ತಯಾರಿಸುವುದು ಅವಳ ಕೆಲಸ. ಕೈಯಲ್ಲಿ ಬರೆಯುತ್ತಿದ್ದ ಆ ಚೀಟಿಗಳನ್ನು ಅಚ್ಚು ಹಾಕಲು ಸಂಘದವರು ಒಂದು ಕಂಪ್ಯೂಟರ್ ತರಿಸಿದರು. ಅದಕ್ಕೊಂದು ಪ್ರತ್ಯೇಕ ಕೋಣೆ, ಕಿಟಕಿಗೆ ದಪ್ಪ ಪರದೆ. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ಮೊದಲ ದಿನವೇ ಯಾರೋ ಅದರ ಹಣೆಗೆ ವಿಭೂತಿ ಹಚ್ಚಿದ್ದರು. ನಾನು ನೋಡಲು ಹೋದಾಗ ಆ ಮೂರು ಗೆರೆ ಇನ್ನೂ ಇದ್ದವು.

ಕಚೇರಿಯ ಸೂಪರಿಂಟೆಂಡೆಂಟರಿಗೆ ಯಂತ್ರದ ಕಾವಲಿನ ಬಗ್ಗೆ ತಮ್ಮದೇ ಅಭಿಪ್ರಾಯವಿತ್ತು. ಕೋಣೆಗೆ ದೊಡ್ಡ ಬೀಗ ಜಡಿದು ಅದರ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದರು.

"ಕೀಲಿ ಅಂದ್ರ ಕೈಯಾಗ ಹಿಡದ್ರ ತೂಕ ಇರಬೇಕ್ರಿ," ಎಂದರು ನನಗೆ. "ಒಳಗ ಇನ್ನೊಂದ ಕೀಲಿ ಐತಂತ, ಕಣ್ಣಿಗೆ ಕಾಣೂದಿಲ್ಲಂತ. ಕಾಣದ್ದು ಕಳದ್ರ ಹುಡಕೂದ ಎಲ್ಲಿ?"

ಆ ಕಾಣದ ಕೀಲಿಯನ್ನು ಕಲಿಸಲು ಹುಬ್ಬಳ್ಳಿಯಿಂದ ಒಬ್ಬ ತರುಣ ಬಂದಿದ್ದ. ಪ್ರತಿಯೊಬ್ಬರೂ ತಮಗೊಂದು ಪಾಸ್‌ವರ್ಡ್ ಆರಿಸಿಕೊಳ್ಳಬೇಕು, ಅದು ಎಂದೂ ಮರೆಯದಂಥ ಶಬ್ದವಾಗಿರಬೇಕು, ಆದರೆ ಬಾಯಿ ಬಿಟ್ಟು ಯಾರ ಮುಂದೆಯೂ ಹೇಳುವಂಥದ್ದಾಗಿರಬಾರದು ಎಂದು ಅವನು ಹೇಳಿಕೊಟ್ಟನಂತೆ. ಅಕ್ಕ ಇದನ್ನು ಹೇಳುವಾಗ ಅವಳ ಮುಖದಲ್ಲಿ ಸಣ್ಣ ಗೆಲುವು ಇತ್ತು. ಆರಿಸಿಕೊಳ್ಳಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲವಂತೆ.

"ನನಗರ ಹೇಳು," ಎಂದೆ.

"ಯಾರಿಗೂ ಹೇಳಬಾರದು ಅಂದಮ್ಯಾಲ ನಿನಗ್ಯಾಕ ಹೇಳಲಿ? ನೀ ಅಂತೂ ಊರಿಗೆಲ್ಲಾ ಡಂಗುರ ಸಾರಾಂವ."

ನಾನು ಧಾರವಾಡದಲ್ಲಿ ಇತಿಹಾಸ ಓದಿ ಬಾದಾಮಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಒಂದೇ ಸಾಕ್ಷಿಯನ್ನು ನಂಬಬೇಡಿ, ಅದು ನಿಮ್ಮದೇ ಕಣ್ಣಾದರೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುವುದು ನನ್ನ ರೂಢಿ. ಅಂಥವನಿಗೆ ಅಕ್ಕನ ಗುಟ್ಟು ಹೊಳೆಯಲಿಲ್ಲ. ನಮ್ಮ ಹೆಣ್ಣುಮಕ್ಕಳು ಎಂದೂ ಮರೆಯದ, ಎಂದೂ ಉಚ್ಚರಿಸದ ಶಬ್ದ ಒಂದೇ ಇದೆ, ಅದು ಗಂಡನ ಹೆಸರು. ಮದುವೆಯ ದಿನ ನಾಲ್ಕು ಜನ ಒತ್ತಾಯ ಮಾಡಿದರೆ ಒಡಪಿನ ಪದ್ಯದ ನಡುವೆ ಸೇರಿಸಿ ಒಮ್ಮೆ ಹೇಳುತ್ತಾರೆ. ಆಮೇಲೆ ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂಬುದು ನಂಬಿಕೆ. ಊರಿಗೆಲ್ಲ ಗೊತ್ತಿರುವ ಹೆಸರನ್ನು ತಾನು ನುಡಿಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಗುಟ್ಟು ಎಂದು ಅಕ್ಕ ತಿಳಿದಿದ್ದಳು.

ಅದೇ ವರ್ಷ ಬೇಸಿಗೆಯಲ್ಲಿ ಮಾಮಾನಿಗೆ, ಅಂದರೆ ಅಕ್ಕನ ಗಂಡನಿಗೆ, ಕಾಮಾಲೆಯಾಯಿತು. ಅವರದು ಇಳಕಲ್ಲು. ನಾಟಿ ಔಷಧ ಕೊಡಿಸಲು ಅವರ ತಾಯಿ ಅಲ್ಲಿಗೆ ಕರೆಸಿಕೊಂಡರು. ಔಷಧಕ್ಕೆ ಬಗ್ಗದೆ ಜ್ವರ ಏರಿದಾಗ ಅಲ್ಲಿಯ ದವಾಖಾನೆಗೆ ಸೇರಿಸಿದರು. ಅಕ್ಕ ರಜೆ ಹಾಕಿ ಗಂಡನ ಹಾಸಿಗೆಯ ಪಕ್ಕ ಕುಳಿತಳು. ನಾನು ಬಾದಾಮಿಯಿಂದ ಬಂದೆ. ಮಾಮಾನ ಕಣ್ಣುಗಳು ಅರಿಸಿನ ಹಚ್ಚಿದಂತಿದ್ದವು. ನನ್ನ ಗುರುತು ಹಿಡಿದು "ಶಾಸನ ಓದೂದ ಬಿಟ್ಟ ಬಂದೇನೋ?" ಎಂದರು. ಆಮೇಲೆ ಹೆಚ್ಚು ಮಾತಾಡಲಿಲ್ಲ.

ದವಾಖಾನೆಯ ಎದುರಿನ ನೂಲಿನ ಅಂಗಡಿಯಲ್ಲಿ ಫೋನಿತ್ತು. ಅಕ್ಕ ಕಚೇರಿಗೆ ಆ ನಂಬರು ಕೊಟ್ಟು ಬಂದಿದ್ದಳು. ಒಂದು ಮಧ್ಯಾಹ್ನ ಅಂಗಡಿಯ ಸಾವಕಾರರೇ ರಸ್ತೆ ದಾಟಿ ಬಂದರು.

"ತಂಗೆವ್ವಾ, ಬಾಗಲಕೋಟಿಯಿಂದ ಟ್ರಂಕ್ ಕಾಲ್ ಬಂದಿತ್ತು. ಅರ್ಧಾ ತಾಸಿಗೆ ಮತ್ತ ಹಚ್ಚತಾರಂತ. ನಿನ್ನ ಕೂಡನ ಮಾತಾಡಬೇಕಂತ. ಬಂದು ಕುಂದ್ರು."

ಅಂಗಡಿಯಲ್ಲಿ ಬಣ್ಣದ ನೂಲಿನ ಲಡಿಗಳು ತೂಗುತ್ತಿದ್ದವು. ಕೆಲವು ನೇಕಾರರು ಕಟ್ಟೆಯ ಮೇಲೆ ಕುಳಿತಿದ್ದರು. ಕೆಲಸದ ಹೊತ್ತಿನಲ್ಲಿ ಅವರು ಹಾಗೆ ಕುಳಿತಿದ್ದುದೇ ಅಪರೂಪ.

"ಅಕ್ಕೋರ, ಈ ಸಲ ಚೀಟಿ ಬಂದಿಲ್ರಿ," ಎಂದ ಒಬ್ಬ. "ಮಗ್ಗ ನಿಂತಾವು."

"ಮಿಶನ್ ಮುನಿಸಿಕೊಂಡೈತಂತ," ಎಂದ ಇನ್ನೊಬ್ಬ. "ಅಕ್ಕೋರ ಮಾತಷ್ಟ ಕೇಳತೈತಂತ. ನಮ್ಮ ಮನ್ಯಾಗಿನ ಎಮ್ಮಿನೂ ಹಂಗ, ನನ್ನ ಹೇಣ್ತಿ ಇಲ್ದಿದ್ರ ಹಾಲ ಕೊಡೂದಿಲ್ಲ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಯಂತ್ರದಲ್ಲಿ ನೂಲಿನ ಚೀಟಿಯ ಕೆಲಸ ತೆರೆಯುವುದು ಅವಳ ಪಾಸ್‌ವರ್ಡಿನಿಂದ ಮಾತ್ರ ಎಂಬುದು ಅವಳಿಗೆ ಆಗಲೇ ನೆನಪಾಗಿತ್ತು.

ಫೋನು ಬಡಿಯಿತು. ಸೂಪರಿಂಟೆಂಡೆಂಟರು ಅಷ್ಟು ದೂರದಿಂದ ಕೂಗುತ್ತಿದ್ದುದು ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ಅಕ್ಕೋರ, ಯಜಮಾನ್ರು ಹೆಂಗದಾರ? ಈ ಹೊತ್ತಿನ್ಯಾಗ ಕೇಳಬಾರದು, ತಪ್ಪ ತಿಳಕೋಬ್ಯಾಡ್ರಿ. ಹುಬ್ಬಳ್ಳಿ ಹುಡುಗ ಸಿಗವಲ್ಲ. ನಿಮ್ಮ ಪಾಸ್‌ವರ್ಡ ಹೇಳ್ರಿ, ಚೀಟಿ ತಗದು ಸಂಜಿ ಬಸ್ಸಿಗೆ ಕಳಸ್ತೀನಿ."

ನಡುವೆ ಎಕ್ಸ್‌ಚೇಂಜಿನ ಆಪರೇಟರನ ದನಿ ನುಗ್ಗಿತು: "ಹೇಳ್ರಿ ಲಗೂನ, ಟೈಮ್ ಆಗಾಕ ಹತ್ತೇತಿ." ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಆ ತಂತಿಗೆ ಎಷ್ಟು ಕಿವಿಗಳಿದ್ದವೋ. ಯಾರಿಗೂ ಹೇಳಬಾರದ ಶಬ್ದವನ್ನು ಅಷ್ಟೂ ಕಿವಿಗಳ ಮೇಲೆ, ಅಂಗಡಿಯ ಜನರೆದುರು, ಕೂಗಿ ಹೇಳಬೇಕಿತ್ತು.

"ಮರತಿಯೇನು?" ಎಂದೆ.

ಅವಳು ಇಲ್ಲವೆಂದು ತಲೆಯಾಡಿಸಿ, ರಿಸೀವರಿನ ಬಾಯಿಗೆ ಸೆರಗು ಒತ್ತಿ ಹಿಡಿದು, ದವಾಖಾನೆಯ ಕಡೆ ನೋಡಿದಳು. ಆಗ ನನಗೆ ತಿಳಿಯಿತು. ನಾನು ನಕ್ಕೆ ಎಂದು ನನ್ನ ನೆನಪು. ನಗಲಿಲ್ಲ ಎನ್ನುತ್ತಾಳೆ ಅಕ್ಕ.

"ಕೊಡ, ನಾ ಹೇಳ್ತೇನಿ. ನನಗೇನ್ ಅಡ್ಡಿ?"

"ಬ್ಯಾಡೋ ತಮ್ಮಾ. ಅವರು ಅಲ್ಲಿ ಮಲಗ್ಯಾರ. ಈಗ ಬ್ಯಾಡ."

"ಹೆಸರ ಹೇಳಿದ್ರ ಯಾರೂ ಸಾಯೂದಿಲ್ಲಕ್ಕಾ. ಅವರ ಹೆಸರ ದಿನಾ ಎಷ್ಟ ಮಂದಿ ಕರೀತಾರ!"

"ಮಂದಿ ಬ್ಯಾರೆ, ನಾ ಬ್ಯಾರೆ."

ಇಲ್ಲಿಯವರೆಗೆ ನಮ್ಮಿಬ್ಬರ ನೆನಪೂ ಹೆಚ್ಚುಕಡಿಮೆ ಒಂದೇ. ಇದರ ಮುಂದಿನದು ಎರಡಾಗಿದೆ. ನನ್ನ ನೆನಪಿನಲ್ಲಿ ನಾನು ಅವಳ ಕೈಯಿಂದ ರಿಸೀವರು ತೆಗೆದುಕೊಂಡು ಮಾಮಾನ ಹೆಸರನ್ನು ಎರಡು ಸಲ ಕೂಗಿದೆ. ಎರಡನೆಯ ಸಲ ಕೂಗುವಾಗ ನನ್ನ ಕಣ್ಣೆದುರು ಕೆಂಪು ನೂಲಿನ ಲಡಿಯೊಂದಿತ್ತು. ಅಕ್ಕನ ನೆನಪಿನಲ್ಲಿ ನಾನು ಕೈ ಚಾಚಿದೆ, ಅವಳು ಮೊಣಕೈಯಿಂದ ನನ್ನನ್ನು ಸರಿಸಿ ನಿಂತ ಮಗ್ಗಗಳ ಕಡೆಗೊಮ್ಮೆ ಕಿವಿಗೊಟ್ಟು ತಾನೇ ಹೇಳಿದಳು.

ಆಮೇಲೆ ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಎಮ್ಮೆಯ ಮಾತಾಡಿದವನು ತಲೆ ತಗ್ಗಿಸಿದ್ದ. ಸಾವಕಾರರು ಬೇಕಿಲ್ಲದ ತಕ್ಕಡಿಯನ್ನು ಒರೆಸುತ್ತಿದ್ದರು. ಇದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಚೀಟಿಗಳು ಸಂಜೆ ಬಂದವು. ಮರುದಿನ ಓಣಿಗಳಲ್ಲಿ ಮತ್ತೆ ಮಗ್ಗದ ಸದ್ದು ಕೇಳಿತು. ವಾರ ಕಳೆಯುವುದರೊಳಗೆ ಮಾಮಾ ತೀರಿಕೊಂಡರು.

ಮಣ್ಣು ಮಾಡಿ ಬಂದ ದಿನ ಅಕ್ಕ ನನ್ನೊಬ್ಬನನ್ನೇ ಕರೆದು, "ನಾ ಹೇಳಬಾರದಿತ್ತು," ಎಂದಳು. ಯಾವುದನ್ನು ಎಂದು ನಾನು ಕೇಳಲಿಲ್ಲ. "ನೀ ಹೇಳಿಲ್ಲಕ್ಕಾ. ಹೇಳಿದಾಂವ ನಾನು," ಎಂದೆ. ಅವಳು ನನ್ನ ಮುಖ ನೋಡಿದಳು. ಯಕೃತ್ತು ಕೆಟ್ಟಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅವಳೂ ಕೇಳಿದ್ದಳು. ಅದನ್ನು ಅವಳು ಅಲ್ಲಗಳೆಯಲೂ ಇಲ್ಲ. ಅದರ ಪಕ್ಕದಲ್ಲೇ ಇದನ್ನೂ ಇಟ್ಟುಕೊಂಡಿದ್ದಳು.

ಅಲ್ಲಿಂದ ಮುಂದೆ ಪ್ರತಿ ಭೇಟಿಯಲ್ಲೂ ನಾನು ಸಂದರ್ಭ ಹುಡುಕಿ ಅದೇ ಮಾತು ಹೇಳುತ್ತಿದ್ದೆ. ಹೆಸರಿಗೂ ಸಾವಿಗೂ ಸಂಬಂಧವಿಲ್ಲವೆಂದು ತಿಳಿದವನು ಹೆಸರು ಹೇಳಿದ್ದು ನಾನೇ ಎಂದು ಸಾಧಿಸುತ್ತ ಕೂಡುವುದು ವಿಚಿತ್ರವೇ. ಹೇಳಿ ಹೇಳಿ ಆ ಕೆಂಪು ಲಡಿ ಇನ್ನಷ್ಟು ಕೆಂಪಾಯಿತು. ಆಗಲೇ ನನಗೆ ಸಂಶಯ ಬಂದದ್ದು. ಕೂಗಿದವನು ನಾನೇ ಆಗಿದ್ದರೆ ಅಂಗಡಿ ಏಕೆ ಹಾಗೆ ಸ್ತಬ್ಧವಾಯಿತು? ಹೆಂಡತಿಯ ತಮ್ಮ ಭಾವನ ಹೆಸರು ಹೇಳಿದರೆ ಯಾರು ತಲೆ ತಗ್ಗಿಸುತ್ತಾರೆ? ಇದನ್ನು ನನ್ನ ವಿದ್ಯಾರ್ಥಿಯೊಬ್ಬ ಬರೆದು ತಂದಿದ್ದರೆ 'ಕೂಗಿದವನು ನಾನೇ' ಎಂಬ ವಾಕ್ಯದ ಕೆಳಗೆ ಗೆರೆ ಎಳೆಯುತ್ತಿದ್ದೆ.

ಹಲವು ವರ್ಷಗಳ ನಂತರ ಬಾದಾಮಿ ರೈಲು ನಿಲ್ದಾಣದಲ್ಲಿ ಆ ಸೂಪರಿಂಟೆಂಡೆಂಟರು ಸಿಕ್ಕರು. ನಿವೃತ್ತರಾಗಿದ್ದರು. ಗಾಡಿ ತಡವಾಗಿತ್ತು. ಚಹಾ ಕುಡಿಯುತ್ತ ನಾನು ಕೇಳಿಯೇಬಿಟ್ಟೆ: ಆ ದಿನ ಫೋನಿನಲ್ಲಿ ಕೇಳಿದ್ದು ಗಂಡು ದನಿಯೋ, ಹೆಣ್ಣು ದನಿಯೋ?

"ಲೈನ್ ಭಾಳ ಗರ್ ಅಂತಿತ್ತರಿ. ದನಿ ಯಾರದೋ ಏನೋ. ಹೆಸರ ಕೇಳಿತು, ಹೊಡದೆ, ತಗೀತು." ಚಹಾದ ಲೋಟ ಕೆಳಗಿಟ್ಟು ಮತ್ತೆ ಹೇಳಿದರು: "ಖರೆ ಹೇಳಬೇಕಂದ್ರ ನನಗ ಮೊದಲ ಅಂದಾಜಿತ್ತು. ನಮ್ಮ ಕಚೇರಿ ಅಕ್ಕೋರದ್ದೆಲ್ಲಾ ಅದ ಇತ್ತು, ತಂತಮ್ಮ ಯಜಮಾನರ ಹೆಸರು."

"ಅಂದಮ್ಯಾಲ ಫೋನ್ ಯಾಕ ಹಚ್ಚಿದ್ರಿ?"

"ಹೆಣ್ಣಮಗಳ ಗುಟ್ಟರಿ. ಗೊತ್ತೈತಂತ ಕೇಳದ ತಗೀಬೇಕೇನು? ನಿಮ್ಮ ಮನಿ ಕೀಲಿ ಎಲ್ಲಿ ಇಡ್ತೀರಂತ ನನಗ ಗೊತ್ತಿದ್ರ ನೀವಿಲ್ಲದಾಗ ಬಾಗಲಾ ತಗೀಲೇನು? ಕೇಳಿ ತಗೀಬೇಕ್ರಿ."

ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಗಾಡಿ ಬಂತು, ಅವರು ಹತ್ತಿದರು. ನಾನು ಮನೆಗೆ ಹೊರಡುವುದನ್ನು ಬಿಟ್ಟು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ತಿರುಗುತ್ತಿದ್ದೆ.

ಆ ಭಾನುವಾರ ಅಕ್ಕನ ಮನೆಗೆ ಹೋದೆ. ಆಗ ಅವಳು ಬಾಗಲಕೋಟೆಯ ನವನಗರದಲ್ಲಿದ್ದಳು. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೂಪರಿಂಟೆಂಡೆಂಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳ ಕೈ ನಿಂತಿತು.

"ಹಂಗಾರ ಅವತ್ತ ಯಾರೂ ಹೇಳದಿದ್ರೂ ನಡೀತಿತ್ತು."

"ನಡೀತಿತ್ತು. ಮತ್ತ ಹೇಳಿದಾಂವ ನಾನಕ್ಕಾ. ನೀ ಅಲ್ಲ."

"ನೋಡ ತಮ್ಮಾ, ಖರೆ ಹೇಳು. ನಿನಗ ನೆನಪೈತೇನು?"

ಇಷ್ಟು ವರ್ಷದಲ್ಲಿ ಅವಳು ಈ ಪ್ರಶ್ನೆ ಕೇಳಿರಲಿಲ್ಲ. ನಾನು ಕೆಂಪು ಲಡಿಯನ್ನು ನೆನೆದೆ, ಒರೆಸಿದ ತಕ್ಕಡಿಯನ್ನು ನೆನೆದೆ. "ಇಲ್ಲ," ಎಂದೆ.

ಅವಳು ಒಂದು ಕಲ್ಲು ಆರಿಸಿ ಹೊರಗೆಸೆದಳು.

"ಮೊದಲಿಗೆ ನನಗೂ ಅನಸ್ತಿತ್ತು, ನೀ ಹೇಳಿದ್ದ ಖರೆ ಆಗ್ಲಿ ದೇವರ ಅಂತ. ಈಗ ಹಂಗ ಅನಸೂದಿಲ್ಲ. ಅಷ್ಟ ವರ್ಷ ಸಂಸಾರ ಮಾಡಿದ್ನಿ, 'ಏನ್ರಿ', 'ಇಲ್ಲಿ ಬರ್ರಿ', ಅಷ್ಟ. ಬಾಯಿತುಂಬ ಹೆಸರ ಹಿಡದು ಹೇಳಿದ್ದು ಅದೊಂದ ಸಲ. ಅವರು ಇನ್ನೂ ಇದ್ದಾಗ. ಅದನ್ನ ನೀ ಕಸ್ಕೋಬ್ಯಾಡ."

ಅವಳು ಮತ್ತೆ ಮೊರ ಎತ್ತಿಕೊಂಡಳು. ಅಂದಿನಿಂದ ಯಾರಾದರೂ ಆ ಮಧ್ಯಾಹ್ನದ ಮಾತು ತೆಗೆದರೆ, ಅಕ್ಕ ಹೇಳಿದಳು, ಎನ್ನುತ್ತೇನೆ. ಸತ್ಯವಿರಬಹುದು. ಆ ಹೆಸರನ್ನು ಇಲ್ಲಿ ನಾನು ಬರೆದಿಲ್ಲ. ಅದು ಅವಳದು.